ಬೆಟ್ಟದ ಸೀಮೆಯೂ ಭದ್ರಾವತಿಯ ಕುಲುಮೆಯೂ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಚರಿತ್ರೆ ಹೇಳುವ ಬರಹಗಳು ಹೆಚ್ಚಾಗಿ ಭದ್ರಾ ನದಿಯ ದಡದಿಂದಲೇ ಹೊರಡುತ್ತವೆ. ಮಹಾರಾಜರು, ದಿವಾನರು, ಊದು ಕುಲುಮೆ, ಅದಿರಿನ ಬೆಟ್ಟ, ಕೊನೆಗೆ ದೆಹಲಿಯ ಕಡತ. ಇದೆಲ್ಲ ಸರಿಯೇ. ಆದರೆ ಆ ಕುಲುಮೆ ಉರಿಯಲು ಪಶ್ಚಿಮದ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳು ಏನು ಕೊಟ್ಟವು, ಕುಲುಮೆ ಆರಿದಾಗ ಅವು ಏನು ಕಳೆದುಕೊಂಡವು ಎಂಬ ಲೆಕ್ಕ ಇನ್ನೂ ಒಂದೆಡೆ ಕೂಡಿಲ್ಲ. ನೂರು ವರ್ಷ ತುಂಬಿದ ಸಂದರ್ಭದ ಈ ಸಂಚಿಕೆಯಲ್ಲಿ ಆ ಲೆಕ್ಕವನ್ನೂ ಬರೆದಿಡಬೇಕು.

1915–1923: ಬೆಂಕಿಪುರದ ಕಾರ್ಖಾನೆ

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಲ್ಲಿ ಒಳ್ಳೆಯ ಅದಿರು, ಭದ್ರಾ ನದಿಯಲ್ಲಿ ನೀರು, ಬೀರೂರಿನಿಂದ ಶಿವಮೊಗ್ಗಕ್ಕೆ ಹೋಗುವ ರೈಲು, ಸುತ್ತ ದಟ್ಟ ಕಾಡು ಇದ್ದವು. ಇಲ್ಲದ್ದು ಒಂದೇ, ಕಲ್ಲಿದ್ದಲು. ಮೈಸೂರು ಸಂಸ್ಥಾನದ ನೆಲದಲ್ಲಿ ಚಿನ್ನ ಸಿಕ್ಕರೂ ಕಲ್ಲಿದ್ದಲು ಸಿಗಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಟಾಟಾ ಉಕ್ಕಿನ ಕಾರ್ಖಾನೆಗೂ ಸಲಹೆ ಕೊಟ್ಟಿದ್ದ ಅಮೆರಿಕದ ಇಂಜಿನಿಯರ್ ಸಿ.ಪಿ. ಪೆರಿನ್ ಅವರ ಅಭಿಪ್ರಾಯ ಕೇಳಿದರು. ಸೌದೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲು ಮಾಡುವುದು, ಆ ಇದ್ದಿಲಿನಿಂದ ಅದಿರು ಕರಗಿಸುವುದು, ಸೌದೆಯಿಂದ ಬರುವ ಮರದ ಆಲ್ಕೋಹಾಲು, ಟಾರುಗಳನ್ನು ಮಾರಿ ಖರ್ಚು ತೂಗಿಸುವುದು ಎಂಬ ಯೋಜನೆ ಸಿದ್ಧವಾಯಿತು. 1918ರಲ್ಲಿ ಕೆಲಸ ಶುರುವಾಯಿತು. ಸಂಸ್ಥೆಯ ಮೊದಲ ಹೆಸರಿನಲ್ಲಿ ಕಬ್ಬಿಣಕ್ಕಿಂತ ಮುಂಚೆ ಸೌದೆಯೇ ಬರುತ್ತದೆ: ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್.

1923ರ ಜನವರಿಯಲ್ಲಿ ಕುಲುಮೆ ಹೊತ್ತಿತು. ಆ ಹೊತ್ತಿಗೆ ವಿಶ್ವೇಶ್ವರಯ್ಯನವರು ದಿವಾನ ಪದವಿ ಬಿಟ್ಟು ನಾಲ್ಕು ವರ್ಷವಾಗಿತ್ತು. ಯುದ್ಧಕಾಲದ ಬೆಲೆಗಳನ್ನು ನಂಬಿ ಹಾಕಿದ್ದ ಲೆಕ್ಕಗಳು ಯುದ್ಧ ಮುಗಿದೊಡನೆ ತಲೆಕೆಳಗಾಗಿದ್ದವು. ಮರದ ಆಲ್ಕೋಹಾಲಿನ ಬೆಲೆ ಬಿದ್ದಿತ್ತು, ಕಬ್ಬಿಣದ ಬೆಲೆಯೂ ಇಳಿದಿತ್ತು. ಇಷ್ಟು ಹಣ ಸುರಿದದ್ದು ಸರಿಯೇ ಎಂದು ಸಂಸ್ಥಾನದ ಹಿರಿಯರಲ್ಲಿ ಭಿನ್ನಾಭಿಪ್ರಾಯ ಎದ್ದಿತು. ಆ ಚರ್ಚೆಯ ಎರಡು ಕಡೆಯವರೂ ಸಂಸ್ಥಾನದ ಹಿತ ಬಯಸಿದವರೇ. ಮಹಾರಾಜರು ಕಾರ್ಖಾನೆಯನ್ನು ಮುಚ್ಚಿಸಲಿಲ್ಲ, ಅದನ್ನು ಕಟ್ಟುವ ಕನಸು ಕಂಡವರನ್ನೇ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಕರೆತಂದರು.

1923–1947: ಇದ್ದಿಲಿನ ಕಾಲ

1923ರಿಂದ 1929ರವರೆಗೆ ವಿಶ್ವೇಶ್ವರಯ್ಯನವರು ಮಾಡಿದ್ದು ಕಟ್ಟುವುದಕ್ಕಿಂತ ಕಷ್ಟದ ಕೆಲಸ, ಕಟ್ಟಿದ್ದನ್ನು ಉಳಿಸುವುದು. ದುಬಾರಿ ಸಂಬಳದ ವಿದೇಶಿ ತಜ್ಞರ ಜಾಗದಲ್ಲಿ ಮೈಸೂರಿನ ಹುಡುಗರನ್ನು ತರಬೇತು ಮಾಡಿ ನಿಲ್ಲಿಸಿದರು. ವೆಚ್ಚ ಕತ್ತರಿಸಿದರು. ಬೀಡು ಕಬ್ಬಿಣವನ್ನು ಹಾಗೆಯೇ ಮಾರುವ ಬದಲು ಕೊಳವೆ ಎರಕ ಹೊಯ್ಯುವುದನ್ನು ಬೆಳೆಸಿದರು. ಈ ಸೇವೆಗಾಗಿ ತಮಗೆ ಸಲ್ಲಬೇಕಿದ್ದ ಹಣವನ್ನು ಅವರು ಸ್ವಂತಕ್ಕೆ ಬಳಸಲಿಲ್ಲ. ಬೆಂಗಳೂರಿನಲ್ಲಿ ಹುಡುಗರಿಗೆ ಕಸುಬು ಕಲಿಸುವ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಹುಟ್ಟಿದ್ದರ ಹಿಂದೆ ಆ ಹಣವಿದೆ. ಭದ್ರಾವತಿಯ ಕುಲುಮೆ ನಾಡಿಗೆ ಕೊಟ್ಟ ಮೊದಲ ಶಾಲೆ ಅದು ಎಂದರೆ ತಪ್ಪಿಲ್ಲ.

ಇದ್ದಿಲಿನ ಕಬ್ಬಿಣಕ್ಕೆ ಒಂದು ಗುಣವಿದೆ. ಕಲ್ಲಿದ್ದಲಿನಲ್ಲಿರುವ ಗಂಧಕ ಇದ್ದಿಲಿನಲ್ಲಿ ಬಹಳ ಕಡಿಮೆ, ಆದ್ದರಿಂದ ಕಬ್ಬಿಣ ಶುದ್ಧ. ಭದ್ರಾವತಿ ಮುಂದೆ ವಿಶೇಷ ಉಕ್ಕಿಗೆ ಹೆಸರಾದದ್ದರ ಬೇರು ಇಲ್ಲಿದೆ. ಈ ಗುಣಕ್ಕೆ ಬೆಲೆ ತೆತ್ತದ್ದು ಕಾಡು. ಶಿವಮೊಗ್ಗ ಮತ್ತು ಕಡೂರು (ಈಗಿನ ಚಿಕ್ಕಮಗಳೂರು) ಜಿಲ್ಲೆಗಳ ವಿಸ್ತಾರವಾದ ಅರಣ್ಯವನ್ನು ಕಾರ್ಖಾನೆಗೆಂದೇ ಗೊತ್ತುಮಾಡಿ, ಕೂಪು ಹಾಕಿ, ಟ್ರಾಮ್ ಹಳಿ ಹಾಸಿ ಸೌದೆ ಸಾಗಿಸಿದರು. ಮಲೆನಾಡಿನ ಬಡವನಿಗೆ ಅಡಕೆ ಕೊಯ್ಲು, ಗದ್ದೆ ನಾಟಿಗಳಾಚೆ ಕೂಲಿ ಹುಟ್ಟಿದ್ದು ಈ ಕೂಪುಗಳಲ್ಲಿ. ಕಾಡು ಬೋಳಾದದ್ದೂ ನಿಜ, ಬೇಸಿಗೆಯಲ್ಲಿ ಗಂಜಿಗೆ ದಾರಿಯಾದದ್ದೂ ನಿಜ.

1936ರಲ್ಲಿ ಉಕ್ಕಿನ ಘಟಕ ಬಂತು. ದಶಕ ಮುಗಿಯುವ ಹೊತ್ತಿಗೆ ಸಿಮೆಂಟು, ಎರಡನೇ ಮಹಾಯುದ್ಧದ ಕಾಲದಲ್ಲಿ ಫೆರೋಸಿಲಿಕಾನ್ ಸೇರಿಕೊಂಡವು. ಕಾರ್ಖಾನೆಯ ಹೆಸರು ಮೈಸೂರು ಐರನ್ ಅಂಡ್ ಸ್ಟೀಲ್ ವರ್ಕ್ಸ್ ಆಯಿತು.

1948–1985: ಶರಾವತಿ ಕಾಸಿದ ಕಬ್ಬಿಣ

ಕಾಡನ್ನು ಹೀಗೇ ಉರಿಸುತ್ತ ಹೋಗಲಾಗದು ಎಂಬುದು ಎಲ್ಲರಿಗೂ ಗೊತ್ತಿತ್ತು. ಪರಿಹಾರ ಸಾಗರ ತಾಲ್ಲೂಕಿನಿಂದ ಬಂತು. ಮಡೆನೂರಿನ ಬಳಿ ಶರಾವತಿಗೆ ಹಿರೇಭಾಸ್ಕರ ಅಣೆಕಟ್ಟು ಕಟ್ಟಿ, ಜೋಗದ ಬುಡದಲ್ಲಿ ನಿಲ್ಲಿಸಿದ ವಿದ್ಯುದಾಗಾರ 1948ರ ಫೆಬ್ರುವರಿಯಲ್ಲಿ ಚಾಲನೆಗೊಂಡಿತು. ಕೃಷ್ಣರಾಜೇಂದ್ರರ ಹೆಸರಿನಲ್ಲಿ ಆರಂಭವಾದ ಕಾಮಗಾರಿಗೆ ಆಮೇಲೆ ಮಹಾತ್ಮ ಗಾಂಧಿಯವರ ಹೆಸರಿಟ್ಟರು. ಅದರ ಮೂಲ ಸಾಮರ್ಥ್ಯ ಒಟ್ಟು 120 ಮೆಗಾವಾಟ್. 1950ರ ದಶಕದ ಮೊದಲಲ್ಲಿ ಭದ್ರಾವತಿಯಲ್ಲಿ ವಿದ್ಯುತ್ತಿನಿಂದಲೇ ಅದಿರು ಕರಗಿಸುವ ಕುಲುಮೆಗಳು ಕೆಲಸ ಶುರುಮಾಡಿದವು. ಇಲ್ಲಿ ಇದ್ದಿಲು ಬೇಕಾದದ್ದು ಅದಿರಿನೊಳಗಿನ ಆಮ್ಲಜನಕವನ್ನು ಎಳೆದುಕೊಳ್ಳುವುದಕ್ಕೆ ಮಾತ್ರ. ಬಿಸಿಯನ್ನು ಕೊಡುವುದು ವಿದ್ಯುತ್ತು. ಸೌದೆಯ ಹೊರೆ ಇಳಿಯಿತು.

ಆ ದಿನದಿಂದ ಭದ್ರಾವತಿಯ ಕುಲುಮೆಗೂ ಮೇಲಿನ ತಾಲ್ಲೂಕುಗಳ ಮಳೆಗೂ ನೇರ ಸಂಬಂಧ ಬಿತ್ತು. ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ತುಂಬಿಕೊಳ್ಳುವುದು ಹೊಸನಗರದ ಮಳೆಯಿಂದ. ಧುಮುಕುವುದು ಸಾಗರದ ಜೋಗದಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಹಳೆಯ ಹಿರೇಭಾಸ್ಕರವೇ ನೀರಿನಡಿ ಹೋಯಿತು. ಅದರ ಜೊತೆಗೆ ಸಾಗರ, ಹೊಸನಗರ ತಾಲ್ಲೂಕುಗಳ ಊರುಗಳು, ಗದ್ದೆಗಳು, ಅಡಕೆ ತೋಟಗಳು, ದೇವಸ್ಥಾನಗಳೂ ಹೋದವು. ಸಾವಿರಾರು ಕುಟುಂಬಗಳನ್ನು ಲಾರಿಗಳಲ್ಲಿ ತಂದು ಬೇರೆ ಕಾಡಿನಂಚುಗಳಲ್ಲಿ ಇಳಿಸಿದರು. ಅವರಲ್ಲಿ ಎಷ್ಟೋ ಮನೆಯವರಿಗೆ ಜಮೀನಿನ ಹಕ್ಕುಪತ್ರದ ತಕರಾರು ಇಂದಿಗೂ ಮುಗಿದಿಲ್ಲ. ರಾಯಚೂರಿನ ಶಾಖೋತ್ಪನ್ನ ಸ್ಥಾವರ 1985ರಲ್ಲಿ ಆರಂಭವಾಗುವವರೆಗೂ ಕರ್ನಾಟಕದ ವಿದ್ಯುತ್ತೆಂದರೆ ಹೆಚ್ಚುಕಡಿಮೆ ಜಲವಿದ್ಯುತ್ತೇ, ಅದರಲ್ಲೂ ಮುಖ್ಯವಾಗಿ ಶರಾವತಿಯದು. ಮಳೆ ಕೈಕೊಟ್ಟ ವರ್ಷ ರಾಜ್ಯದ ದೊಡ್ಡ ಕೈಗಾರಿಕೆಗಳಿಗೆಲ್ಲ ವಿದ್ಯುತ್ ಕಡಿತ ಬೀಳುತ್ತಿತ್ತು.

ಭದ್ರಾವತಿಯ ಚರಿತ್ರೆಯಲ್ಲಿ ಮುಳುಗಡೆಯ ಈ ಅಧ್ಯಾಯಕ್ಕೆ ಜಾಗ ಕೊಡದಿದ್ದರೆ ಅದು ಅರ್ಧ ಚರಿತ್ರೆ ಎಂದು ನಾನು ನಂಬಿದ್ದೇನೆ. ಶರಾವತಿಯ ವಿದ್ಯುತ್ತು ನಾಡಿಗೆಲ್ಲ ಹೋಯಿತು. ಅದು ಬರಿಯ ಒಂದು ಕಾರ್ಖಾನೆಗಾಗಿ ಅಲ್ಲ. ಆದರೆ ಮುಳುಗಿದವರಿಗೆ ತಮ್ಮ ಜಿಲ್ಲೆಯಲ್ಲೇ ಕಣ್ಣಿಗೆ ಕಾಣುವ ಫಲವೆಂದಿದ್ದದ್ದು ಭದ್ರಾವತಿ.

1962–1989: ಗಾಡಿಗೆ ಬೇಕಾದ ಉಕ್ಕು

1962ರಲ್ಲಿ ಕಾರ್ಖಾನೆ ಸರ್ಕಾರಿ ಇಲಾಖೆಯ ರೂಪ ಬಿಟ್ಟು ಕಂಪನಿಯಾಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ವಿಶ್ವೇಶ್ವರಯ್ಯನವರು ತೀರಿಕೊಂಡರು. ಮುಂದೆ 1970ರ ದಶಕದಲ್ಲಿ ಅವರ ಹೆಸರನ್ನೇ ಇಟ್ಟದ್ದರಿಂದ ಅದು ವಿಶ್ವೇಶ್ವರಯ್ಯ ಐರನ್ ಅಂಡ್ ಸ್ಟೀಲ್ ಲಿಮಿಟೆಡ್, ಅಂದರೆ ವಿಐಎಸ್‌ಎಲ್ ಆಯಿತು. ಊರವರ ಬಾಯಲ್ಲಿ ಮಾತ್ರ ಅದು ಯಾವಾಗಲೂ 'ಫ್ಯಾಕ್ಟ್ರಿ'.

ಭಿಲಾಯಿ, ರೂರ್ಕೆಲಾ, ದುರ್ಗಾಪುರಗಳಂಥ ಭಾರಿ ಸ್ಥಾವರಗಳು ಬಂದ ಮೇಲೆ ಸಾಧಾರಣ ಉಕ್ಕಿನಲ್ಲಿ ಪೈಪೋಟಿ ನಡೆಸುವುದು ಭದ್ರಾವತಿಗೆ ಸಾಧ್ಯವಿರಲಿಲ್ಲ. ಆಗಿನ ಆಡಳಿತ ತೆಗೆದುಕೊಂಡ ತೀರ್ಮಾನ ಇಡೀ ಶತಮಾನದಲ್ಲೇ ಅತ್ಯಂತ ಜಾಣತನದ್ದು. ಕಡಿಮೆ ಪ್ರಮಾಣದಲ್ಲಿ, ಹೆಚ್ಚಿನ ಗುಣಮಟ್ಟದ ಮಿಶ್ರಲೋಹದ ಉಕ್ಕು ಮಾಡುವುದು. ಆಸ್ಟ್ರಿಯಾದಲ್ಲಿ ರೂಪುಗೊಂಡ ಎಲ್‌.ಡಿ. ವಿಧಾನ, ಅಂದರೆ ಕರಗಿದ ಬೀಡಿನ ಮೇಲೆ ಶುದ್ಧ ಆಮ್ಲಜನಕ ಊದಿ ಉಕ್ಕು ಮಾಡುವ ವಿಧಾನ, 1960ರ ದಶಕದಲ್ಲಿ ಇಲ್ಲಿಗೆ ಬಂತು. ಕ್ರೋಮಿಯಂ, ನಿಕ್ಕಲ್, ಮಾಲಿಬ್ಡಿನಂ ಬೆರೆಸಿ ಬೇಕಾದ ಗಟ್ಟಿತನ ತರುವ ಕಸುಬು ಕೈಗೂಡಿತು. ವಾಹನಗಳ ಗೇರು, ಆಕ್ಸಲ್, ಕ್ರ್ಯಾಂಕ್‌ಶಾಫ್ಟ್, ರೈಲಿನ ಬಿಡಿಭಾಗ, ರಕ್ಷಣಾ ಇಲಾಖೆಯ ಸಲಕರಣೆ, ಇವಕ್ಕೆಲ್ಲ ಬೇಕಾದ ಉಕ್ಕು ಇಲ್ಲಿಂದ ಹೋಯಿತು. ಇಂಥ ಉಕ್ಕನ್ನು ಕೊಳ್ಳುವವರು ಸುಮ್ಮನೆ ತೂಕ ನೋಡಿ ಕೊಳ್ಳುವುದಿಲ್ಲ. ಪ್ರತಿಯೊಂದು ಪಾಕದ ರಾಸಾಯನಿಕ ಪರೀಕ್ಷೆ, ಬಾಗಿಸುವ, ಎಳೆಯುವ ಪರೀಕ್ಷೆ ಆಗಬೇಕು. ಒಂದು ಪಾಕ ತಪ್ಪಿದರೆ ಎಲ್ಲೋ ಘಾಟಿಯಲ್ಲಿ ಒಂದು ಲಾರಿಯ ಆಕ್ಸಲ್ ಮುರಿಯುತ್ತದೆ. ಆ ಎಚ್ಚರವನ್ನು ಭದ್ರಾವತಿಯ ಕೆಲಸಗಾರರು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದರು. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಮತ್ತು ಶಿವಮೊಗ್ಗದಲ್ಲಿ ವಾಹನಗಳ ಬಿಡಿಭಾಗ ಎರಕ ಹೊಯ್ಯುವ ಫೌಂಡ್ರಿಗಳು ಬೆಳೆಯಲು ಇಂಥ ಪಳಗಿದ ಕೈಗಳು ಹತ್ತಿರದಲ್ಲೇ ಇದ್ದದ್ದು ದೊಡ್ಡ ಅನುಕೂಲ.

ಈ ಕಾಲದಲ್ಲೇ ಮೇಲಿನ ತಾಲ್ಲೂಕುಗಳ ಹುಡುಗರು ಹೆಚ್ಚಾಗಿ ಇಳಿದು ಬಂದರು. ಕಾರಣ ತಿಳಿಯಲು ಆಗಿನ ಜಮೀನಿನ ಸ್ಥಿತಿ ನೆನೆಯಬೇಕು. ಗೇಣಿದಾರರು ತಮ್ಮ ಹಕ್ಕಿಗಾಗಿ ಎದ್ದ 1951ರ ಕಾಗೋಡು ಸತ್ಯಾಗ್ರಹ ನಡೆದದ್ದು ಸಾಗರ ತಾಲ್ಲೂಕಿನಲ್ಲಿ. ಗೇಣಿದಾರನ ಮಗನಿಗೆ ಓದು ಸಿಕ್ಕರೂ ಹೊಲ ತನ್ನದಲ್ಲ. 1974ರ ಭೂಸುಧಾರಣೆಯಲ್ಲಿ ಜಮೀನು ಸಿಕ್ಕಿದ ಮನೆಗಳಲ್ಲೂ ಅದು ಎರಡು ಮೂರು ಪಾಲಾದರೆ ಹೊಟ್ಟೆಗೆ ಸಾಲದು. ಮೂರು ತಾಲ್ಲೂಕುಗಳಲ್ಲಿ ಎಲ್ಲೂ ದೊಡ್ಡ ಕೈಗಾರಿಕೆ ಇರಲಿಲ್ಲ. ಭತ್ತ, ಅಡಕೆ, ಬಾಳೆ, ಕಾಡುತ್ಪತ್ತಿ, ಇಷ್ಟೇ. ಹೀಗಿರುವಾಗ ತಿಂಗಳ ಕೊನೆಗೆ ತಪ್ಪದೆ ಬರುವ ಸಂಬಳ, ಪ್ರಾವಿಡೆಂಟ್ ಫಂಡ್, ಕ್ವಾರ್ಟರ್ಸ್, ಆಸ್ಪತ್ರೆ ಎಂದರೆ ಮಲೆನಾಡಿನ ಮನೆಗೆ ಅದುವರೆಗೆ ಗೊತ್ತಿಲ್ಲದ ನೆಮ್ಮದಿ. ಹಿರಿಯ ಮಗ ಫ್ಯಾಕ್ಟ್ರಿಗೆ, ಕಿರಿಯವನು ತೋಟಕ್ಕೆ ಎಂಬ ಹಂಚಿಕೆ ಸಹಜವಾಯಿತು. ಊರಿನ ಮನೆಗೆ ಹಂಚು ಬಂದದ್ದು, ತಂಗಿಯ ಮದುವೆ ಸಾಲವಿಲ್ಲದೆ ಕಳೆದದ್ದು, ತಮ್ಮ ಕಾಲೇಜು ಮೆಟ್ಟಿಲು ಹತ್ತಿದ್ದು ಈ ಸಂಬಳದಿಂದ. ನೌಕರಿ ಒಬ್ಬನದು, ಅದರ ನೆರಳು ಇಡೀ ಮನೆತನದ್ದು.

ಆಡಳಿತಕ್ಕೂ ಕಾರ್ಮಿಕ ಸಂಘಗಳಿಗೂ ಮಾತು ಬಿಗಿಯಾದ ಸಂದರ್ಭಗಳು ಈ ದಶಕಗಳಲ್ಲಿ ಬಂದಿವೆ. ಸಂಘಗಳೊಳಗೂ ಬಣಗಳಿದ್ದವು. ಬೋನಸ್ಸು, ಬಡ್ತಿ, ಗುತ್ತಿಗೆಯವರ ಕಾಯಂ ವಿಚಾರಗಳಲ್ಲಿ ಜಗ್ಗಾಟ ನಡೆದರೂ ಕೂತು ಮಾತಾಡುವ ಬಾಗಿಲು ಮುಚ್ಚಲಿಲ್ಲ. ಹಲವು ಜಿಲ್ಲೆ, ಭಾಷೆ, ಜಾತಿಗಳ ಜನ ಒಂದೇ ಕುಲುಮೆಯ ಎದುರು ಮೂರು ಪಾಳಿಗಳಲ್ಲಿ ದುಡಿದ ಊರಿನಲ್ಲಿ ಇದೇನು ಸಣ್ಣ ಸಾಧನೆಯಲ್ಲ.

ನ್ಯೂಟೌನ್, ಆಸ್ಪತ್ರೆ, ಆಕಾಶವಾಣಿ

ಕಾರ್ಖಾನೆ ಊರನ್ನು ಕಟ್ಟಿತು. ಹೊಳೆಯಾಚೆ ಹಳೇನಗರ ಇದ್ದಂತೆಯೇ ಉಳಿದು, ಈಚೆ ನ್ಯೂಟೌನ್ ಎದ್ದಿತು. ಸಾಲು ಕ್ವಾರ್ಟರ್ಸು, ಮರಗಳ ನೆರಳಿನ ರಸ್ತೆ, ಶಾಲೆಗಳು, ಆಸ್ಪತ್ರೆ, ಬೆಳ್ಳಿಹಬ್ಬದ ನೆನಪಿನ ಕ್ರೀಡಾಂಗಣ. ಈ ಊರಿನಲ್ಲಿ 1949ರಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಭಾರತ ಕ್ರಿಕೆಟ್ ತಂಡದ ನಾಯಕರೂ ಆದರು. ಕಾರ್ಖಾನೆಯ ಉದ್ಯೋಗಿಯಾಗಿದ್ದ ದೊಡ್ಡಣ್ಣ ಕನ್ನಡ ಚಿತ್ರರಂಗದ ಮನೆಮಾತಾದರು. 1965ರಲ್ಲಿ ಆಕಾಶವಾಣಿ ಭದ್ರಾವತಿ ಕೇಂದ್ರ ಶುರುವಾಯಿತು. ಹೊಸನಗರ, ತೀರ್ಥಹಳ್ಳಿಗಳ ಒಂಟಿ ಮನೆಗಳಲ್ಲಿ, ಮಳೆಗಾಲದಲ್ಲಿ ಪತ್ರಿಕೆ ಕೂಡ ಬರದ ಕಡೆಗಳಲ್ಲಿ, 'ಇದು ಆಕಾಶವಾಣಿ ಭದ್ರಾವತಿ' ಎಂಬ ದನಿ ಕೃಷಿ ಮಾತನ್ನೂ ಯಕ್ಷಗಾನವನ್ನೂ ತಂದುಕೊಟ್ಟಿತು. ಕೈಗಾರಿಕೆಯ ಊರಾಗಿರದಿದ್ದರೆ ಜಿಲ್ಲಾ ಕೇಂದ್ರವೂ ಅಲ್ಲದ ಭದ್ರಾವತಿಗೆ ಆ ಕಾಲದಲ್ಲಿ ಬಾನುಲಿ ಕೇಂದ್ರ ಬರುವುದು ಕಷ್ಟವಿತ್ತು.

ಪಕ್ಕದ ಕಾಗದದ ಕಾರ್ಖಾನೆ

ಉಕ್ಕಿನ ಕಾರ್ಖಾನೆಯ ಕಥೆಯಲ್ಲಿ ಅದರ ನೆರೆಯವಳಾದ ಮೈಸೂರು ಪೇಪರ್ ಮಿಲ್ಸನ್ನು ಬಿಡಲಾಗದು, ಏಕೆಂದರೆ ನಮ್ಮ ಮೂರು ತಾಲ್ಲೂಕುಗಳ ನೆಲದ ಮೇಲೆ ಇಂದಿಗೂ ನಿಂತಿರುವುದು ಅದರ ಗುರುತು. 1936ರಲ್ಲಿ ನಾಲ್ವಡಿಯವರ ಕಾಲದಲ್ಲೇ ಸ್ಥಾಪನೆಯಾದ ಎಂಪಿಎಂ 1977ರಲ್ಲಿ ಸರ್ಕಾರಿ ಕಂಪನಿಯಾಯಿತು. 1980ರ ದಶಕದಲ್ಲಿ ಪತ್ರಿಕಾ ಕಾಗದಕ್ಕೆ ಕೈಹಾಕಿತು. ಕನ್ನಡದ ಪತ್ರಿಕೆಗಳೂ ಮಕ್ಕಳ ನೋಟುಪುಸ್ತಕಗಳೂ ಆ ಕಾಗದ ಕಂಡಿವೆ. ಮರದ ಕಚ್ಚಾವಸ್ತುವಿಗಾಗಿ ಸರ್ಕಾರ ಅರಣ್ಯಭೂಮಿಯನ್ನು 40 ವರ್ಷದ ಗುತ್ತಿಗೆಗೆ ಕೊಟ್ಟಿತು. ಸಾಗರ, ಹೊಸನಗರ, ತೀರ್ಥಹಳ್ಳಿಯ ಗುಡ್ಡಗಳಲ್ಲಿ, ಸೊಪ್ಪಿನ ಬೆಟ್ಟದ ಅಂಚುಗಳಲ್ಲಿ ಅಕೇಶಿಯಾ ನೆಡುತೋಪು ಎದ್ದದ್ದು ಹೀಗೆ.

2015ರ ಕೊನೆಗೆ ಮಿಲ್ಲಿನ ಯಂತ್ರಗಳು ನಿಂತವು. ನೌಕರರು ಸ್ವಯಂನಿವೃತ್ತಿ ಪಡೆದು ಚದುರಿದರು. 2020ರಲ್ಲಿ ಗುತ್ತಿಗೆ ಮುಗಿದಾಗ ಸುಮಾರು 20 ಸಾವಿರ ಹೆಕ್ಟೇರ್ ಭೂಮಿಯ ಗುತ್ತಿಗೆಯನ್ನು ಸರ್ಕಾರ ಮತ್ತೆ ಮುಂದುವರಿಸಿತು. ನಿಂತ ಮಿಲ್ಲಿಗೆ ತೋಪೇಕೆ ಎಂದು ಮೂರೂ ತಾಲ್ಲೂಕುಗಳಲ್ಲಿ ಜನ ಎದ್ದರು, ಅಕೇಶಿಯಾ ಬೇಡ, ನಮ್ಮ ಕಾಡು ನಮಗೆ ಬೇಕು ಎಂದರು. ಮಿಲ್ಲಿನ ಹಳೆಯ ನೌಕರರಿಗೆ ಮಾತ್ರ ತೋಪು ಉಳಿದರೆ ಮಿಲ್ಲು ಮತ್ತೆ ತೆರೆಯಬಹುದೆಂಬ ಆಸೆ. ಎರಡೂ ಮಾತು ನೋವಿನಿಂದ ಬಂದವೇ. ಮಿಲ್ಲು ತೆರೆಯುವ ಖಚಿತ ಯೋಜನೆ ಇಲ್ಲದೆ ಬೆಟ್ಟವನ್ನು ಅಕೇಶಿಯಾಕ್ಕೆ ಕಟ್ಟಿಹಾಕುವುದು ಮಾತ್ರ ಎರಡು ಕಡೆಯವರಿಗೂ ಮಾಡುವ ಅನ್ಯಾಯ.

1989–2023: ಅದಿರಿಲ್ಲದ ಕುಲುಮೆ

1989ರಲ್ಲಿ ವಿಐಎಸ್‌ಎಲ್ ಕೇಂದ್ರದ ಉಕ್ಕು ಪ್ರಾಧಿಕಾರದ, ಅಂದರೆ ಸೇಲ್‌ನ, ಅಧೀನ ಕಂಪನಿಯಾಯಿತು. 1998ರಲ್ಲಿ ಅದರೊಳಗೇ ವಿಲೀನವಾಯಿತು. ರಾಜ್ಯದ ಕೈಯಲ್ಲಿ ನಿಭಾಯಿಸಲಾಗದ ಬಂಡವಾಳ ಕೇಂದ್ರದಿಂದ ಬರುತ್ತದೆಂಬ ಭರವಸೆ ಇದರ ಹಿಂದಿತ್ತು. ಸ್ವಲ್ಪ ಬಂತು. 1990ರ ದಶಕದಲ್ಲಿ ವಿದ್ಯುತ್ ಕುಲುಮೆಯ ಬದಲು ಕೋಕ್ ಉರಿಸುವ ಊದು ಕುಲುಮೆ ಮತ್ತೆ ನಿಂತಿತು. ಇದ್ದಿಲು, ಶರಾವತಿಯ ವಿದ್ಯುತ್ತು, ಕೋಕ್ ಹೀಗೆ ಎರಡು ಬಾರಿ ಉರುವಲು ಬದಲಿಸಿಕೊಂಡು ಬದುಕಿದ ಕಾರ್ಖಾನೆ ಇದು.

ಉರುವಲು ಬದಲಿಸಿ ಬದುಕಿದ್ದು ಅದಿರು ತಪ್ಪಿ ಸೊರಗಿತು. ರೋಪ್‌ವೇಯಲ್ಲಿ ಅದಿರು ಇಳಿಯುತ್ತಿದ್ದ ಕೆಮ್ಮಣ್ಣುಗುಂಡಿಯಲ್ಲಿ ಗಣಿ ನಿಂತು ಅದು ಪ್ರವಾಸಿ ತಾಣವಾಯಿತು. ಪಶ್ಚಿಮಘಟ್ಟದ ದೃಷ್ಟಿಯಿಂದ ಅದು ಆಗಬೇಕಾದದ್ದೇ. ಆದರೆ ಬದಲಿಗೆ ಬಳ್ಳಾರಿ ಸೀಮೆಯಲ್ಲಿ ಸ್ವಂತ ಗಣಿ ದಕ್ಕಬೇಕಿತ್ತು, ದಕ್ಕಲಿಲ್ಲ. ವರ್ಷಗಟ್ಟಲೆ ಪತ್ರ, ನಿಯೋಗ, ವ್ಯಾಜ್ಯಗಳಲ್ಲಿ ಆ ಮಾತು ಸುತ್ತಿತು. ಅದಿರನ್ನೂ ಕೋಕನ್ನೂ ಮಾರುಕಟ್ಟೆಯ ದರಕ್ಕೆ ಕೊಂಡು, ಸಣ್ಣ ಪ್ರಮಾಣದಲ್ಲಿ ಉಕ್ಕು ಮಾಡಿ, ಸ್ವಂತ ಗಣಿಯುಳ್ಳ ದೈತ್ಯರ ಎದುರು ಗೆಲ್ಲುವುದು ಯಾರಿಂದಲೂ ಆಗದು. ಭದ್ರಾವತಿಯಲ್ಲಿ ಸೋತದ್ದು ಕಸುಬಲ್ಲ. ಈ ಮಾತು ಸಂಚಿಕೆಯಲ್ಲಿ ದಾಖಲಾಗಬೇಕು, ಏಕೆಂದರೆ ಮುಂದಿನ ತಲೆಮಾರು 'ನಷ್ಟದ ಕಾರ್ಖಾನೆ' ಎಂಬ ಎರಡೇ ಪದ ಓದಿ ಅಲ್ಲಿನ ಕೆಲಸಗಾರರನ್ನು ಸೋಮಾರಿಗಳೆಂದು ತಿಳಿಯಬಾರದು.

2016ರಲ್ಲಿ ಕೇಂದ್ರ ಸರ್ಕಾರ ಕಾರ್ಖಾನೆಯನ್ನು ಖಾಸಗಿಗೆ ಮಾರಲು ತಾತ್ವಿಕ ಒಪ್ಪಿಗೆ ಕೊಟ್ಟಿತು. 2019ರಲ್ಲಿ ಆಸಕ್ತರನ್ನು ಕರೆದರು. ಕೊಳ್ಳುವವರ ಉತ್ಸಾಹ ಸಾಲದೆ 2022ರಲ್ಲಿ ಆ ಪ್ರಕ್ರಿಯೆಯನ್ನು ಕೈಬಿಟ್ಟರು. 2023ರ ಜನವರಿಯಲ್ಲಿ, ಕುಲುಮೆ ಹೊತ್ತಿ ಸರಿಯಾಗಿ ನೂರು ವರ್ಷ ತುಂಬಿದ ತಿಂಗಳಲ್ಲೇ, ಮುಚ್ಚುವ ತೀರ್ಮಾನ ಬಂತು. ಸಾವಿರಕ್ಕೂ ಹೆಚ್ಚು ಗುತ್ತಿಗೆ ಕಾರ್ಮಿಕರು ಗೇಟಿನ ಎದುರು ಕೂತರು. ಪಕ್ಷಭೇದ ಮರೆತು ಜನಪ್ರತಿನಿಧಿಗಳು, ಮಠಾಧೀಶರು, ಕಲಾವಿದರು ಜೊತೆ ನಿಂತರು. ಆಗಸ್ಟಿನಲ್ಲಿ ಬೇರೆ ಕಡೆಯಿಂದ ಉಕ್ಕಿನ ದಿಮ್ಮಿ ತರಿಸಿ ಉರುಳಿಸುವ ಬಾರ್ ಮಿಲ್ ಮತ್ತೆ ತಿರುಗಿತು. ನವೆಂಬರಿನಲ್ಲಿ ಶತಮಾನೋತ್ಸವ ನಡೆಯಿತು. ಹಬ್ಬಕ್ಕೆ ಬಂದವರು ದೂರದೂರಿನಿಂದ ಬಂದರು, ಮಕ್ಕಳನ್ನೂ ಕರೆತಂದರು.

ಮುಚ್ಚುವಿಕೆಯ ಲೆಕ್ಕ

ಒಂದು ಕಾರ್ಖಾನೆ ಮುಚ್ಚಿದರೆ ಮೊದಲು ಕಾಣುವುದು ಆ ಊರಿನ ಅಂಗಡಿ ಸಾಲು. ಸಂಬಳದ ವಾರದ ವ್ಯಾಪಾರ ಇಲ್ಲ, ಕ್ಯಾಂಟೀನಿನಲ್ಲಿ ಜನ ಇಲ್ಲ, ಕ್ವಾರ್ಟರ್ಸಿನ ಮಾಡು ಸೋರಿದರೂ ಕೇಳುವವರಿಲ್ಲ. ಗುತ್ತಿಗೆ ಕಾರ್ಮಿಕನಿಗೆ ತಿಂಗಳಿಗೆ ಸಿಗುವ ಕೆಲಸದ ದಿನಗಳೇ ಕಡಿಮೆಯಾದರೆ ಅವನ ಹೆಸರು ಪಟ್ಟಿಯಲ್ಲಿದ್ದೂ ಮನೆ ನಡೆಯುವುದಿಲ್ಲ. ಭದ್ರಾವತಿಯಲ್ಲಿ ಉಕ್ಕು, ಕಾಗದ ಎರಡೂ ಒಂದೇ ದಶಕದೊಳಗೆ ಕುಸಿದದ್ದರಿಂದ ಒಂದರಿಂದ ಬಿಟ್ಟವನಿಗೆ ಇನ್ನೊಂದು ಆಸರೆಯಾಗಲಿಲ್ಲ.

ಮೇಲಿನ ತಾಲ್ಲೂಕುಗಳಲ್ಲಿ ಏಟು ನಿಧಾನವಾಗಿ ಬಿತ್ತು, ಹಾಗಾಗಿ ಸುದ್ದಿಯಾಗಲಿಲ್ಲ. ಪಿಂಚಣಿಯ ವಯಸ್ಸಿನವರು ಊರಿಗೆ ಮರಳಿ ಪ್ರಾವಿಡೆಂಟ್ ಫಂಡಿನಲ್ಲಿ ಮನೆ ಕಟ್ಟಿಕೊಂಡರು. ಅವರ ಜಾಗಕ್ಕೆ ಊರಿನಿಂದ ಯಾರೂ ಹೋಗಲಿಲ್ಲ. ಐಟಿಐ, ಡಿಪ್ಲೊಮಾ ಓದಿದ ಹುಡುಗ ಕೆಲವೇ ಗಂಟೆಗಳ ಬಸ್ಸಿನ ದೂರದಲ್ಲಿ ಕೆಲಸ ಹಿಡಿದು ಹಬ್ಬಕ್ಕೂ ಕೊಯ್ಲಿಗೂ ಮನೆಗೆ ಬರುತ್ತಿದ್ದ ಕಾಲ ಹೋಯಿತು. ಈಗ ಅವನು ಬೆಂಗಳೂರಿನ ಹೊರವಲಯಕ್ಕೆ ಹೋಗುತ್ತಾನೆ. ತೋಟದಲ್ಲಿ ಅಡಕೆ ಕೊನೆ ತೆಗೆಯುವವರಿಲ್ಲ, ಮನೆಯಲ್ಲಿ ವಯಸ್ಸಾದವರಷ್ಟೇ. ಎಲೆಚುಕ್ಕಿ ರೋಗ ಅಡಕೆಗೆ ಬಿದ್ದಿರುವ ಈ ದಿನಗಳಲ್ಲಿ ತೋಟವನ್ನು ಆತುಕೊಳ್ಳಲು ಹೊರಗಿನ ಒಂದು ಸಂಬಳ ಮನೆಯಲ್ಲಿ ಇರಬೇಕಿತ್ತು. ಭದ್ರಾವತಿ ಆ ಸಂಬಳವಾಗಿತ್ತು.

ಈ ಮೂರು ತಾಲ್ಲೂಕುಗಳು ಈಗ ಕೇಳುತ್ತಿರುವುದು ಹೊಸದೇನಲ್ಲ. ವಿಶೇಷ ಉಕ್ಕು ಮಾಡಬಲ್ಲ ಕೈಗಳು ಇನ್ನೂ ಜಿಲ್ಲೆಯಲ್ಲಿರುವಾಗಲೇ ವಿಐಎಸ್‌ಎಲ್‌ಗೆ ಸ್ವಂತ ಗಣಿಯೂ ಬಂಡವಾಳವೂ ಸಿಗಲಿ. ನಿಂತ ಮಿಲ್ಲಿನ ಹೆಸರಿನಲ್ಲಿರುವ ನೆಡುತೋಪಿನ ಭೂಮಿಯ ಬಗ್ಗೆ ಊರಿನ ಗ್ರಾಮ ಅರಣ್ಯ ಸಮಿತಿಗಳನ್ನು ಕೇಳಿ ತೀರ್ಮಾನವಾಗಲಿ. ಶರಾವತಿ ಮುಳುಗಡೆಯವರ ಹಕ್ಕುಪತ್ರದ ಕಡತಗಳು ಮುಗಿಯಲಿ. ಈ ಮೂರೂ ಬೇರೆ ಬೇರೆ ಇಲಾಖೆಗಳ ಮೇಜಿನ ಮೇಲಿವೆ. ಶಿವಮೊಗ್ಗ ಜಿಲ್ಲೆಯ ಜನಪ್ರತಿನಿಧಿಗಳು ಅವನ್ನು ಒಟ್ಟಿಗೆ ಹಿಡಿದು ಕೇಳಬೇಕೆಂದು ಮೂರೂ ತಾಲ್ಲೂಕುಗಳ ಪರವಾಗಿ ಇಲ್ಲಿ ಕೋರಿದ್ದೇನೆ.